ತಂಬಾಕಿನ ಒಕ್ಕಲಿಗನೂ ಸರಕಾರದ ಬೊಕ್ಕಸವೂ

(ಅಮೀನಗಡದಲ್ಲಿ ಕೂಡಿದ ಒಕ್ಕಲಿಗರ ಸಭೆಯಲ್ಲಿ ಮಾಡಿದ ಭಾಷಣ)



ತಂಬಾಕು ಬೆಳೆಯುವ ಒಕ್ಕಲಿಗರಿಗೆ ಸರಕಾರವು ಹಣವನ್ನು ಕೊಡಬೇಕೆ, ಕೊಡುವದಾದರೆ ಯಾರ ಕೈಗೆ, ಯಾವ ನ್ಯಾಯದ ಮೇಲೆ ಕೊಡಬೇಕು ಎಂಬ ವಿಷಯವನ್ನು ಕುರಿತು ಈ ದಿನ ನಾಲ್ಕು ಮಾತುಗಳನ್ನು ಆಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ಅಮೀನಗಡದ ಹೆಸರನ್ನೆತ್ತಿದರೆ ನಾಡಿನ ಜನರಿಗೆ ಕರದಂಟಿನ ನೆನಪಾಗುವದು. ಕುರಿಯ ಸಂತೆಯ ನೆನಪಾಗುವದು. ಇಲ್ಲಿಯ ಎರಿ ಭೂಮಿಯಲ್ಲಿ ಬಿಳಿಜೋಳ, ಕಡಲೆಗಳು ಬೆಳೆಯುವವೇ ಹೊರತು ತಂಬಾಕು ಇಲ್ಲಿಯ ಮುಖ್ಯ ಪೀಕಲ್ಲ. ಹೀಗಿದ್ದು ನಿಪ್ಪಾಣಿಯ ಹಾಗೂ ಹುಣಸೂರಿನ ಒಕ್ಕಲಿಗರ ವ್ಯಾಜ್ಯವನ್ನು ಹುನಗುಂದ ತಾಲೂಕಿನ ಈ ಊರಿನಲ್ಲಿ ವಿಚಾರಿಸುವದು ಯಾತಕ್ಕೆ ಎಂದು ಯಾರಾದರೂ ಕೇಳಿದರೆ ಅದು ತಕ್ಕ ಪ್ರಶ್ನೆಯೇ ಸರಿ.

ಅದಕ್ಕೆ ನನ್ನ ಉತ್ತರವಿಷ್ಟೇ. ಬರಗಾಲದಲ್ಲಿ ನಿಮ್ಮ ಬಾಗಿಲಿಗೆ ಬರುವ ಪರಿಹಾರವೂ, ತಂಬಾಕು ಬಿಡೆಂದು ಆ ಒಕ್ಕಲಿಗನಿಗೆ ಕೊಡುವ ಸಹಾಯಧನವೂ ಒಂದೇ ಬೊಕ್ಕಸದಿಂದ ಹೊರಡುತ್ತವೆ. ಒಂದೇ ಬಗೆಯ ಕಾಗದದ ಮೇಲೆ ನಡೆದುಬರುತ್ತವೆ. ಒಂದೇ ಬಗೆಯ ತೂತುಗಳಲ್ಲಿ ಸೋರಿ ಹೋಗುತ್ತವೆ. ತಂಬಾಕಿನ ವಿಷಯದಲ್ಲಿ ಈ ಲೆಕ್ಕವು ಹೆಚ್ಚು ಸ್ಪಷ್ಟವಾಗಿ ಕಾಣುವದು. ಏಕೆಂದರೆ ಯಾವ ಪೀಕಿನಿಂದ ಸರಕಾರವು ಅತಿ ಹೆಚ್ಚಾಗಿ ತೆಗೆದುಕೊಂಡಿತೋ ಆ ಪೀಕನ್ನೇ ಈಗ ಬಿಡೆಂದು ಅದು ಹೇಳುತ್ತಿದೆ. ಅಲ್ಲಿ ನ್ಯಾಯವು ಹೇಗೆ ನಡೆಯುವದೆಂಬುದನ್ನು ಅರಿತರೆ ಇಲ್ಲಿ ನಮಗೆ ಏನು ದೊರೆಯಬಹುದೆಂಬುದನ್ನೂ ಅರಿಯಬಹುದು.

ಇನ್ನೊಂದು ಕಾರಣವೂ ಉಂಟು. ತಂಬಾಕು ನಮ್ಮ ಸೀಮೆಗೆ ತೀರ ಹೊರಗಿನದೇನೂ ಅಲ್ಲ. ಪೋರ್ತುಗೀಜರು ಪಡುವಲ ಕಡಲಿನಿಂದ ತಂದ ಈ ಎಲೆಯು ಮೊಗಲರ ದರಬಾರಕ್ಕೆ ತಲುಪಿದ್ದು ನಮ್ಮ ವಿಜಾಪುರದ ಮಾರ್ಗವಾಗಿ. ಅಕಬರನ ರಾಯಭಾರಿಯಾಗಿ ಆದಿಲಶಾಹಿಯ ರಾಜಧಾನಿಗೆ ಬಂದಿದ್ದ ಅಸದ ಬೇಗನು ೧೬೦೪ರ ಸುಮಾರಿಗೆ ಇಲ್ಲಿ ಅದನ್ನು ಕಂಡು, ಎಲೆಯನ್ನೂ ರತ್ನಖಚಿತವಾದ ಹುಕ್ಕವನ್ನೂ ಬಾದಶಹನಿಗೆ ಒಯ್ದು ಒಪ್ಪಿಸಿದನು. ಬಾದಶಹನ ವೈದ್ಯರು ಅದನ್ನು ಸೇದಬಾರದೆಂದು ವಾದಿಸಿದರು. ಅಕಬರನ ಮಗನಾದ ಜಹಾಂಗೀರನು ೧೬೧೭ರಲ್ಲಿ ಅದನ್ನು ನಿಷೇಧಿಸಿದನು. ಎಲೆಯೇನೂ ನಿಲ್ಲಲಿಲ್ಲ. ಬರಿಯ ಫರ್ಮಾನಿನಿಂದ ತಂಬಾಕು ನಿಲ್ಲುವದಿಲ್ಲವೆಂಬ ಪಾಠಕ್ಕೆ ನಾಲ್ಕು ನೂರು ವರುಷಗಳ ಮುಪ್ಪು ಉಂಟು.

ಈಗ ಕನ್ನಡ ನಾಡಿನ ತಂಬಾಕಿನ ಸ್ಥಿತಿಯನ್ನು ನೋಡುವ. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ತಂಬಾಕು ಬೆಳೆಯುವದು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿಗಳ ಕಡೆಗೆ ಕರಿಯ ಭೂಮಿಯಲ್ಲಿ ಬೆಳೆದು, ಬಿಸಿಲಿನಲ್ಲಿಯೇ ಒಣಗಿಸಿ, ಬೀಡಿಗೆ ತುಂಬುವ ತಂಬಾಕು ಒಂದು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿಯೂ, ಹಾಸನ ಜಿಲ್ಲೆಯ ರಾಮನಾಥಪುರದ ಸುತ್ತಲೂ ಬೆಳೆದು, ಬ್ಯಾರನ್ ಎಂದು ಕರೆಯುವ ಗೂಡುಗಳಲ್ಲಿ ಕಟ್ಟಿಗೆಯ ಕಾವಿನಿಂದ ಹದಮಾಡಿ, ಸಿಗರೇಟಿಗೆಂದು ಮಾರುವ ಹೊಗೆಸೊಪ್ಪು ಇನ್ನೊಂದು. ಒಂದು ಸೀಮೆಯವರು ತಂಬಾಕು ಎನ್ನುವರು. ಇನ್ನೊಂದು ಸೀಮೆಯವರು ಹೊಗೆಸೊಪ್ಪು ಎನ್ನುವರು. ಹೆಸರು ಎರಡಾದರೂ ಬೆಳೆಯುವವನ ಕಷ್ಟ ಒಂದೇ: ಸಸಿಯ ಮಡಿಯಿಂದ ಹಿಡಿದು ಎಲೆ ಮಾರುವ ವರೆಗೆ ಸಾಲ, ಮಾರಿದ ಮೇಲೆ ಬೆಲೆಯ ಗೊತ್ತಿಲ್ಲ.

ಈ ಪೀಕಿನಿಂದ ಸರಕಾರವು ಏನು ತೆಗೆದುಕೊಂಡಿತೆಂಬುದನ್ನು ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದ ವೆಚ್ಚವನ್ನು ತುಂಬಿಸಿಕೊಳ್ಳಲು ಬ್ರಿಟಿಶ ಸರಕಾರವು ೧೯೪೩ನೆಯ ಇಸವಿಯಲ್ಲಿ ತಂಬಾಕಿನ ಮೇಲೆ ಅಬಕಾರಿ ಸುಂಕವನ್ನು ಹೇರಿತು. ಮರುವರುಷ, ೧೯೪೪ರಲ್ಲಿ, ಅದನ್ನು ಉಪ್ಪು ಮೊದಲಾದವುಗಳ ಸುಂಕಗಳೊಡನೆ ಒಂದೇ ಕಾಯಿದೆಯಲ್ಲಿ ಸೇರಿಸಿತು. ಯಾವ ಉಪ್ಪಿಗಾಗಿ ೧೯೩೦ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮವರು ಕಾಯಿದೆಯನ್ನು ಮುರಿದರೋ ಆ ಉಪ್ಪಿನ ಪಕ್ಕದಲ್ಲಿಯೇ ತಂಬಾಕು ಹೋಗಿ ಕುಳಿತಿತು. ಅಂದಿನಿಂದ ಒಕ್ಕಲಿಗನು ಎಷ್ಟು ಎಕರೆ ಹಚ್ಚಿದೆನೆಂದು ಸುಂಕದವರಿಗೆ ಬರೆದುಕೊಡಬೇಕಾಯಿತು. ಕೊಯ್ದ ಎಲೆಯ ಲೆಕ್ಕವನ್ನು ಒಪ್ಪಿಸಬೇಕಾಯಿತು. ಸುಂಕವನ್ನು ಕಟ್ಟುವವನು ವರ್ತಕನೆಂದು ಕಾಗದದಲ್ಲಿ ಇದ್ದರೇನು? ವರ್ತಕನು ಅದನ್ನು ಮುರಿದುಕೊಂಡೇ ಒಕ್ಕಲಿಗನಿಗೆ ಬೆಲೆ ಕಟ್ಟುವನು. ಬ್ರಿಟಿಶರು ೧೯೪೭ರಲ್ಲಿ ಹೋದರು, ಸುಂಕವು ಹೋಗಲಿಲ್ಲ. ಕಚ್ಚಾ ತಂಬಾಕಿನ ಮೇಲಿನ ಈ ಸುಂಕವನ್ನು ತೆಗೆದುಹಾಕಿದ್ದು ೧೯೭೯ರ ಮುಂಗಡಪತ್ರದಲ್ಲಿ. ಸ್ವತಃ ಒಕ್ಕಲು ಮನೆತನದವರಾದ ಚೌಧರಿ ಚರಣಸಿಂಗರು ಅರ್ಥಮಂತ್ರಿಗಳಾಗಿದ್ದಾಗ. ಮೂವತ್ತಾರು ವರುಷಗಳ ಕಾಲ ಹೊಲದ ಬದುವಿನ ವರೆಗೆ ಸರಕಾರದ ಕೈ ಚಾಚಿತ್ತೆಂಬುದನ್ನು ನೆನಪಿನಲ್ಲಿಡಿರಿ.

ಕೊಡುವ ಕೈಯ ಚರಿತ್ರೆಯನ್ನಾದರೂ ನಮ್ಮ ಸೀಮೆಯವರು ಚೆನ್ನಾಗಿ ಬಲ್ಲರು. ೧೮೭೬ರಿಂದ ೧೮೭೮ರ ವರೆಗಿನ ಘೋರ ಕ್ಷಾಮವು ಆಗ ಕಲಾದಗಿಯೆಂಬ ಹೆಸರಿದ್ದ ನಮ್ಮ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿತು. ಅದರ ತರುವಾಯ ೧೮೮೩ರಲ್ಲಿ ಭೂಮಿಯ ಸುಧಾರಣೆಯ ಸಾಲದ ಕಾಯಿದೆಯೂ, ೧೮೮೪ರಲ್ಲಿ ಒಕ್ಕಲಿಗರ ಸಾಲದ ಕಾಯಿದೆಯೂ ಬಂದವು. ತಗಾವಿಯೆಂದು ನಮ್ಮ ಅಜ್ಜಂದಿರು ಕರೆಯುತ್ತಿದ್ದುದು ಇದನ್ನೇ. ತಗಾವಿಯೆಂದರೆ ಮೂಲ ಅರ್ಥದಲ್ಲಿ ಬಲ ಕೊಡುವದು. ಬೀಜಕ್ಕೆ, ಎತ್ತಿಗೆ, ಬಾವಿಗೆ, ಒಡ್ಡಿಗೆಂದು ಸರಕಾರವು ಕೊಡುತ್ತಿದ್ದ ಸಾಲವದು. ಆದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ಅಧಿಕಾರವನ್ನು ಅದೇ ಕಾಯಿದೆಯು ಸರಕಾರಕ್ಕೆ ಕೊಟ್ಟಿತ್ತು. ಸಾವಕಾರನಾದರೆ ಕೋರ್ಟಿಗೆ ಹೋಗಿ ಡಿಕ್ರಿ ತರಬೇಕು. ಸರಕಾರಕ್ಕೆ ಆ ತೊಡಕೂ ಇಲ್ಲ. ಬಲ ಕೊಡುವದೆಂಬ ಹೆಸರಿನ ಸಾಲವು ತೀರಿಸಲಾರದವನ ಹೊಲಕ್ಕೆ ಜಪ್ತಿಯಾಗಿ ತಿರುಗುತ್ತಿತ್ತು.

ಅದರಂತೆ ಕಂದಾಯದ ಸೂಟಿಯೂ ಇತ್ತು. ಮುಂಬಯಿ ಇಲಾಖೆಯ ನಿಯಮದ ಪ್ರಕಾರ ಪೀಕು ನಾಲ್ಕಾಣೆ ಇಲ್ಲವೆ ಅದಕ್ಕೂ ಕಡಿಮೆ ಬಂದರೆ ಆ ವರುಷದ ಕಂದಾಯದ ವಸೂಲಿಯನ್ನು ಪೂರ್ತಿಯಾಗಿ ತಡೆಹಿಡಿಯಬೇಕು. ನಿಯಮವು ಚೆನ್ನಾಗಿಯೇ ಇತ್ತು. ಆದರೆ ಪೀಕು ಎಷ್ಟು ಆಣೆ ಬಂದಿತೆಂದು ಬರೆಯುವವನು ಒಕ್ಕಲಿಗನಲ್ಲ, ಅಧಿಕಾರಿ. ೧೯೧೮ರಲ್ಲಿ ಗುಜರಾತದ ಖೇಡಾ ಜಿಲ್ಲೆಯಲ್ಲಿ ಮಹಾತ್ಮರು ನಡೆಸಿದ ಸತ್ಯಾಗ್ರಹದ ಬೀಜವು ಈ ಆಣೆಯ ಲೆಕ್ಕದಲ್ಲಿಯೇ ಇದೆ: ನಾಲ್ಕಾಣೆಗಿಂತ ಕಡಿಮೆಯೆಂದು ರೈತರು ಹೇಳಿದರು, ಹೆಚ್ಚೆಂದು ಅಧಿಕಾರಿಗಳು ಬರೆದರು. ಒಕ್ಕಲಿಗನಿಗೆ ಹಣ ಕೊಡುವ ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಕೊನೆಗೆ ಉಳಿಯುವ ಪ್ರಶ್ನೆಯು ಇದೇ. ಹಣವೆಷ್ಟು ಎಂಬುದಕ್ಕಿಂತ ಬರೆಯುವವನು ಯಾರು, ಬರೆದದ್ದನ್ನು ಓದಿ ಅಲ್ಲವೆನ್ನುವ ಅಧಿಕಾರವು ಯಾರಿಗೆ ಎಂಬುದೇ ಮುಖ್ಯ.

ಆ ಕಾಲದಲ್ಲಿ ಕನ್ನಡಿಗನ ಸ್ಥಿತಿಯು ಇನ್ನೂ ಒಂದು ಪಟ್ಟು ದುಸ್ಥಿತಿ. ಮುಂಬಯಿ, ಮದ್ರಾಸ, ಹೈದರಾಬಾದ, ಮೈಸೂರು, ಕೊಡಗು ಎಂದು ಐದು ಆಡಳಿತಗಳಲ್ಲಿ ನಾಡು ಹರಿದು ಹಂಚಿಹೋಗಿತ್ತು. ಇಳಕಲ್ಲು ಮುಂಬಯಿ ಪ್ರಾಂತದಲ್ಲಿ. ಅದರ ಮಗ್ಗುಲಿನ ಕುಷ್ಟಗಿಯು ನಿಜಾಮರ ರಾಜ್ಯದಲ್ಲಿ. ಒಂದೇ ಮಳೆ ತಪ್ಪಿ ಎರಡೂ ಕಡೆಯ ಜೋಳವು ಒಣಗಿದರೂ ಎಲ್ಲೆಯ ಈಚೆಗೆ ಒಂದು ಕಾಯಿದೆ, ಆಚೆಗೆ ಇನ್ನೊಂದು. ೧೯೩೦ರ ದಶಕದಲ್ಲಿ ಒಣಬೇಸಾಯವನ್ನು ಸಂಶೋಧಿಸಲು ಇಡೀ ಹಿಂದುಸ್ಥಾನದಲ್ಲಿ ಐದು ಕೇಂದ್ರಗಳನ್ನು ತೆರೆದರು. ಸೊಲ್ಲಾಪುರ, ವಿಜಾಪುರ, ರಾಯಚೂರು, ಬಳ್ಳಾರಿ ಜಿಲ್ಲೆಯ ಹಗರಿ, ಪಂಜಾಬದ ರೋಹತಕ. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿಯೇ ಇರುವವು! ಆದರೆ ವಿಜಾಪುರವು ಮುಂಬಯಿಗೆ, ರಾಯಚೂರು ನಿಜಾಮನಿಗೆ, ಹಗರಿಯು ಮದ್ರಾಸಿಗೆ ಸೇರಿದ್ದವು. ಒಂದೇ ಎರಿ ಭೂಮಿಯ ವಿದ್ಯೆಯು ಮೂರು ಯಜಮಾನರ ಕೈಯಲ್ಲಿ ಹಂಚಿಹೋಗಿತ್ತು. ಆಲೂರ ವೆಂಕಟರಾಯರೇ ಮೊದಲಾದ ಹಿರಿಯರು ಏಕೀಕರಣಕ್ಕಾಗಿ ದುಡಿದುದು ಬರಿಯ ಭಾಷೆಯ ಅಭಿಮಾನದಿಂದಲ್ಲ. ಒಕ್ಕಲಿಗನ ಹೊಟ್ಟೆಯ ಪ್ರಶ್ನೆಗೂ ಅದರಲ್ಲಿ ಉತ್ತರವಿದ್ದಿತು.

೧೯೫೬ನೆಯ ಇಸವಿಯ ನವೆಂಬರ ೧ಕ್ಕೆ ನಾಡು ಒಂದಾಯಿತು. ನಿಪ್ಪಾಣಿಯೂ ಹುಣಸೂರೂ ಅಮೀನಗಡವೂ ಕುಷ್ಟಗಿಯೂ ಒಂದೇ ರಾಜ್ಯದ ಊರುಗಳಾದವು. ಹಾಗಾದರೆ ತಂಬಾಕಿನ ಎರಡು ಬಗೆಯ ಒಕ್ಕಲಿಗರಿಗೂ ಒಂದೇ ನ್ಯಾಯವು ದೊರೆಯಿತೆ? ಇಲ್ಲ. ಕೇಂದ್ರ ಸರಕಾರವು ೧೯೭೫ರಲ್ಲಿ ತಂಬಾಕು ಮಂಡಳಿಯ ಕಾಯಿದೆಯನ್ನು ಮಾಡಿ, ೧೯೭೬ರಲ್ಲಿ ಆಂಧ್ರದ ಗುಂಟೂರಿನಲ್ಲಿ ಮಂಡಳಿಯನ್ನು ಸ್ಥಾಪಿಸಿತು. ಅದರ ಮುಖ್ಯ ಲಕ್ಷ್ಯವು ಸಿಗರೇಟಿನ ಎಲೆಯ ಮೇಲೆ. ಪರದೇಶಕ್ಕೆ ಹೋಗಿ ಹಣ ತರುವ ಎಲೆಯದು. ೧೯೮೪ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜುಕಟ್ಟೆಗಳು ನಡೆಯತೊಡಗಿದವು. ಎಷ್ಟು ಬೆಳೆಯಬೇಕೆಂಬ ಮಿತಿಯನ್ನು ಮಂಡಳಿಯು ಪ್ರತಿವರುಷ ಗೊತ್ತುಮಾಡುವದು. ಕರ್ನಾಟಕಕ್ಕೆ ಹಲವು ವರುಷ ಹತ್ತು ಕೋಟಿ ಕಿಲೋಗ್ರಾಮಿನ ಮಿತಿಯಿತ್ತು. ಬ್ಯಾರನ್ನಿಗೆ ಪರವಾನಗಿ ಬೇಕು. ಮಿತಿಮೀರಿ ಬೆಳೆದರೆ ದಂಡ. ಮಳೆ ಕೆಟ್ಟ ವರುಷ ಆ ದಂಡದಲ್ಲಿ ಸೂಟಿ ಕೊಡುವದೂ ಉಂಟು. ನ್ಯೂನತೆಗಳು ಎಷ್ಟೇ ಇರಲಿ, ಅಲ್ಲಿ ಒಂದು ಕಟ್ಟೆ ಇದೆ, ಒಂದು ತೂಕವಿದೆ, ಹಣವು ಬ್ಯಾಂಕಿಗೆ ಬರುವ ಒಂದು ದಾರಿ ಇದೆ.

ನಿಪ್ಪಾಣಿಯ ಬೀಡಿ ತಂಬಾಕಿಗೆ ಅಂಥ ಹರಾಜುಕಟ್ಟೆಯಿಲ್ಲ. ವರ್ತಕನು ಬಂದು ಬೆಲೆ ಹೇಳುವನು, ಮಾಲು ಒಯ್ಯುವನು, ಹಣವನ್ನು ಕಂತುಕಂತಾಗಿ ಕೊಡುವನು. ಈ ಅನ್ಯಾಯವನ್ನು ತಾಳಲಾರದೆ ೧೯೮೧ರಲ್ಲಿ ಆ ಭಾಗದ ಒಕ್ಕಲಿಗರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಹೆಂಡಿರು ಮಕ್ಕಳೊಡನೆ ಕುಳಿತುಕೊಂಡರು. ದಿನಗಳಲ್ಲ, ವಾರಗಟ್ಟಲೆ ಕುಳಿತರು. ತಾವು ಬೆಳೆದ ಎಲೆಗೆ ನ್ಯಾಯವಾದ ಬೆಲೆಯನ್ನು ಗೊತ್ತುಮಾಡಿಸಿರೆಂದಷ್ಟೇ ಅವರು ಕೇಳಿದರು. ಏಪ್ರಿಲ ತಿಂಗಳಿನಲ್ಲಿ ಪೋಲೀಸರು ಗುಂಡು ಹಾರಿಸಿದರು. ಹಲವು ಒಕ್ಕಲಿಗರು ಪ್ರಾಣ ತೆತ್ತರು. ಆಗ ಮುಂಬಯಿಯ ಆಳಿಕೆ ಇರಲಿಲ್ಲ, ನಿಜಾಮನ ಆಳಿಕೆ ಇರಲಿಲ್ಲ; ಏಕೀಕರಣವಾಗಿ ಕಾಲು ಶತಮಾನವಾಗಿತ್ತು. ಅದಕ್ಕೆ ಒಂದು ವರುಷದ ಹಿಂದೆ, ೧೯೮೦ರ ಜುಲೈ ೨೧ಕ್ಕೆ, ನಮಗೆ ದೂರವಲ್ಲದ ನರಗುಂದ-ನವಲಗುಂದಗಳಲ್ಲಿ ಮಲಪ್ರಭೆಯ ನೀರಾವರಿಯ ಅಭಿವೃದ್ಧಿ ಕರವನ್ನು ವಿರೋಧಿಸಿದ ಒಕ್ಕಲಿಗರ ಮೇಲೆಯೂ ಗುಂಡು ಹಾರಿದ್ದಿತು. ನೀರು ಸರಿಯಾಗಿ ಬಾರದ ಹೊಲಕ್ಕೆ ನೀರಿನ ಲಾಭದ ಕರವನ್ನು ಕೇಳಿದ್ದು ಅಲ್ಲಿಯ ಜಗಳದ ಮೂಲ.

ಇಲ್ಲಿ ಒಂದು ಮಾತನ್ನು ನಿಸ್ಸಂಕೋಚವಾಗಿ ಹೇಳಬೇಕಾಗಿದೆ. ನಿಪ್ಪಾಣಿಯ ಒಕ್ಕಲಿಗರಲ್ಲಿ ಮರಾಠಿ ಮಾತನಾಡುವವರು ಬಹಳ. ೧೯೬೭ರ ಮಹಾಜನ ಆಯೋಗದ ವರದಿಯು ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ, ಬೆಳಗಾವಿಯು ನಮ್ಮಲ್ಲಿಯೇ ಉಳಿಯಬೇಕೆಂದೂ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳು ನಮಗೆ ಬರಬೇಕೆಂದೂ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಎಲ್ಲೆಯ ವಾದವು ಏನೇ ಇರಲಿ, ನಿಪ್ಪಾಣಿಯು ನಮ್ಮದೆಂದು ನಾವು ಹೇಳುವಷ್ಟು ಕಾಲ ಅಲ್ಲಿಯ ಒಕ್ಕಲಿಗನ ದುಃಖವೂ ನಮ್ಮದೇ. ಭೂಮಿಯು ಬೇಕು, ಭೂಮಿಯ ಮೇಲೆ ದುಡಿಯುವವನು ಬೇಡ ಎಂದರೆ ಅದು ನಾಡಭಕ್ತಿಯಲ್ಲ, ಬರಿಯ ಜಮೀನುದಾರಿಕೆ. ನಿಪ್ಪಾಣಿಯವನ ಮನಸ್ಸನ್ನು ಗೆಲ್ಲುವ ದಾರಿಯು ಅವನ ಅಂಗಡಿಯ ಹಲಗೆಯ ಮೇಲೆ ಮಾತ್ರ ಇಲ್ಲ. ಅವನ ತೂಕದ ಕಲ್ಲಿನಲ್ಲಿಯೂ ಇದೆ.

ಇನ್ನು ಮುಖ್ಯ ಪ್ರಶ್ನೆಗೆ ಬರುವೆನು. ತಂಬಾಕು ದೇಹವನ್ನು ಕೊಲ್ಲುವದೆಂಬುದು ಈಗ ವಾದದ ವಿಷಯವಾಗಿ ಉಳಿದಿಲ್ಲ. ೨೦೦೩ರಲ್ಲಿ ಭಾರತವು ತಂಬಾಕಿನ ಜಾಹೀರಾತು, ಮಾರಾಟಗಳನ್ನು ಹಿಡಿತದಲ್ಲಿಡುವ ಕಾಯಿದೆಯನ್ನು ಮಾಡಿತು. ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣದ ಒಡಂಬಡಿಕೆಯನ್ನು ಸ್ವೀಕರಿಸಿತು. ಅದು ೨೦೦೫ರಲ್ಲಿ ಜಾರಿಗೆ ಬಂದಿತು. ಆ ಒಡಂಬಡಿಕೆಯ ಹದಿನೇಳನೆಯ ಕಲಮು ತಂಬಾಕಿನ ಬೆಳೆಗಾರರಿಗೂ ಕೂಲಿಗಳಿಗೂ ಹೊಟ್ಟೆ ತುಂಬುವಂಥ ಬೇರೆ ಉದ್ಯೋಗವನ್ನು ಒದಗಿಸಲು ಸರಕಾರಗಳು ನೆರವಾಗಬೇಕೆಂದು ಹೇಳುತ್ತದೆ. ಸೇದುವವನಿಗೆ ಬೇಡವೆನ್ನುವ ಕಲಮುಗಳನ್ನು ನಾವು ಬೇಗನೆ ಜಾರಿಗೆ ತಂದೆವು. ಬೆಳೆಯುವವನಿಗೆ ಬದಲಿ ಕೊಡುವ ಕಲಮು ನಿಧಾನವಾಗಿ ಕುಂಟುತ್ತ ಬರುತ್ತಿದೆ.

ವಿಷವನ್ನು ಬೆಳೆದವನಿಗೆ ಬೊಕ್ಕಸದಿಂದ ಹಣವೇಕೆ, ಬಿಟ್ಟುಬಿಡಲಿ ಎನ್ನುವವರು ಇದ್ದಾರೆ. ಅವರಲ್ಲಿ ಸಜ್ಜನರೇ ಹೆಚ್ಚು. ಅವರ ಮಾತನ್ನು ಹಗುರಾಗಿ ಎಣಿಸಬಾರದು. ಆದರೆ ಅವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಮೊದಲನೆಯದು, ಈ ಪೀಕನ್ನು ಬೆಳೆಸಿದವರಲ್ಲಿ ಸರಕಾರವೇ ಮುಂದಿನ ಸಾಲಿನದು. ಬೀಜದ ಸಂಶೋಧನೆಗೆ ಕೇಂದ್ರಗಳನ್ನು ತೆರೆದದ್ದು ಸರಕಾರ, ಗೂಡಿಗೆ ಪರವಾನಗಿ ಕೊಟ್ಟದ್ದು ಸರಕಾರ, ಸುಂಕವನ್ನು ಎಣಿಸಿದ್ದು ಸರಕಾರ. ಪಾಲುದಾರನು ವ್ಯಾಪಾರವನ್ನು ಮುಚ್ಚುವಾಗ ಲಾಭವನ್ನೆಲ್ಲ ತಾನು ಉಂಡು, ನಷ್ಟವನ್ನೆಲ್ಲ ಇನ್ನೊಬ್ಬನ ತಲೆಗೆ ಕಟ್ಟುವದನ್ನು ಯಾವ ನ್ಯಾಯಾಸನವೂ ಒಪ್ಪಲಾರದು. ಎರಡನೆಯದು, ಹೊಗೆಸೊಪ್ಪಿನ ಗೂಡು ಜೋಳದ ಹಗೆಯಂತಲ್ಲ. ಬೇರೆ ಪೀಕಿಗೆ ಅದು ಉಪಯೋಗಕ್ಕೆ ಬಾರದು. ಸಾಲಮಾಡಿ ಕಟ್ಟಿದ ಗೂಡಿನ ಸಾಲವು ತೀರುವ ತನಕ ಅವನು ಅದರೊಳಗಿನ ಸೆರೆಯಾಳು. ಒಂದು ಕಿಲೋ ಎಲೆಯನ್ನು ಹದಮಾಡಲು ನಾಲ್ಕೈದು ಕಿಲೋ ಕಟ್ಟಿಗೆಯನ್ನು ಸುಡುತ್ತ, ಕಾಡೂ ಹೋಯಿತು, ಆದಾಯವೂ ಹೋಯಿತೆಂದು ಅವನೇ ಹಲುಬುವನು; ಆದರೂ ಬಿಡಲಾರನು.

ಸರಕಾರವು ಏನೂ ಮಾಡಿಲ್ಲವೆಂದು ನಾನು ಹೇಳಲಾರೆನು. ೨೦೧೫-೧೬ನೆಯ ಸಾಲಿನಿಂದ ಕೇಂದ್ರದ ಬೆಳೆ ವೈವಿಧ್ಯದ ಯೋಜನೆಯನ್ನು ಕರ್ನಾಟಕವೂ ಸೇರಿದಂತೆ ತಂಬಾಕು ಬೆಳೆಯುವ ಹತ್ತು ರಾಜ್ಯಗಳಿಗೆ ವಿಸ್ತರಿಸಿದರು. ಬದಲಿ ಪೀಕುಗಳ ಪ್ರಾತ್ಯಕ್ಷಿಕೆ, ಯಂತ್ರಗಳು, ಸ್ಥಳಕ್ಕೆ ತಕ್ಕ ಕೆಲಸಗಳು, ತಿಳಿವಳಿಕೆ ಇವೇ ಅದರ ಅಂಗಗಳು. ಇವು ಬೇಕಾದವುಗಳೇ. ಆದರೆ ಗೂಡಿನ ಸಾಲವನ್ನು ತೀರಿಸುವ ಮಾತು ಇವುಗಳಲ್ಲಿ ಬರುವದಿಲ್ಲ. ಹೊಸ ಪೀಕು ಕೈಗೆ ಹತ್ತುವ ವರೆಗಿನ ಎರಡು ಮೂರು ವರುಷ ಮನೆಯನ್ನು ನಡೆಸುವ ಮಾತೂ ಬರುವದಿಲ್ಲ. ಹೊಸ ಪೀಕನ್ನು ಕೊಳ್ಳುವವರು ಯಾರು ಎಂಬ ಮಾತಂತೂ ಇಲ್ಲವೇ ಇಲ್ಲ. ಬೀಜವನ್ನು ಕೊಟ್ಟು ಪೇಟೆಯನ್ನು ಕೊಡದಿದ್ದರೆ ಒಕ್ಕಲಿಗನು ಮರುವರುಷ ತನ್ನ ಹಳೆಯ ವರ್ತಕನ ಬಾಗಿಲಿಗೇ ಹೋಗುವನು. ಒಡೆದ ಕಟ್ಟೆಗೆ ಸುಣ್ಣ ಬಳಿದರೆ ನೀರು ನಿಲ್ಲುವದೆ?

ಬೇರೆ ದೇಶದವರು ಈ ಗಂಟನ್ನು ಹೇಗೆ ಬಿಡಿಸಿದರೆಂಬುದನ್ನು ನೋಡಿದರೆ ನಮಗೆ ಉಪಯೋಗವಾದೀತು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೩೮ರ ಕಾಯಿದೆಯ ಕಾಲದಿಂದ ತಂಬಾಕು ಬೆಳೆಯಲು ಹಂಚಿಕೆಯ ಹಕ್ಕು ಇದ್ದಿತು. ಹಂಚಿಕೆಯಿದ್ದವನೇ ಬೆಳೆದು ಮಾರಬಹುದಾಗಿತ್ತು. ಕಾಲಕ್ರಮದಲ್ಲಿ ಹಂಚಿಕೆಯ ಒಡೆಯನು ಒಬ್ಬನು, ಅದನ್ನು ಬಾಡಿಗೆಗೆ ಹಿಡಿದು ಬೆಳೆಯುವವನು ಇನ್ನೊಬ್ಬನು ಎಂದಾಯಿತು. ೨೦೦೪ರಲ್ಲಿ ಆ ದೇಶದ ಸರಕಾರವು ಈ ಪದ್ಧತಿಯನ್ನೇ ರದ್ದುಪಡಿಸಿ, ೨೦೦೫ರಿಂದ ೨೦೧೪ರ ವರೆಗೆ ಹತ್ತು ವಾರ್ಷಿಕ ಕಂತುಗಳಲ್ಲಿ ಪರಿಹಾರವನ್ನು ಕೊಟ್ಟಿತು. ಹಂಚಿಕೆಯ ಒಡೆಯನಿಗೆ ರತ್ತಲಿಗೆ ಏಳು ಡಾಲರು. ಬೆಳೆದವನಿಗೆ ರತ್ತಲಿಗೆ ಮೂರು ಡಾಲರು. ಒಟ್ಟು ಸುಮಾರು ಒಂದು ಸಾವಿರ ಕೋಟಿ ಡಾಲರುಗಳ ಈ ಹಣವು ಬಂದದ್ದು ಸಾಮಾನ್ಯ ಪ್ರಜೆಯ ತೆರಿಗೆಯಿಂದಲ್ಲ. ತಂಬಾಕಿನ ಪದಾರ್ಥಗಳನ್ನು ತಯಾರಿಸುವ ಹಾಗೂ ತರಿಸುವ ಕಂಪನಿಗಳಿಂದ ವಸೂಲು ಮಾಡಿದ ಹಣವದು.

ಈ ಕಥೆಯಲ್ಲಿ ಅನುಕರಿಸತಕ್ಕದ್ದೂ ಇದೆ, ಎಚ್ಚರಪಡತಕ್ಕದ್ದೂ ಇದೆ. ಲಾಭ ಪಡೆದ ಕಂಪನಿಗಳೇ ಬಿಡುಗಡೆಯ ಬೆಲೆಯನ್ನು ತೆರಬೇಕೆಂಬುದು ಅನುಕರಿಸತಕ್ಕ ಮಾತು. ಹತ್ತು ವರುಷ ನಿಶ್ಚಿತವಾಗಿ ಬರುವ ಕಂತು ಒಕ್ಕಲಿಗನಿಗೆ ಯೋಚನೆಗೆ ಅವಕಾಶ ಕೊಟ್ಟಿತೆಂಬುದೂ ಸರಿ. ಆದರೆ ಕಾಗದದ ಒಡೆಯನಿಗೆ ಏಳು, ಮೈಮುರಿದು ದುಡಿದವನಿಗೆ ಮೂರು ಎಂಬ ಹಂಚಿಕೆಯನ್ನು ನಮ್ಮ ನಾಡಿಗೆ ತಂದರೆ ಏನಾದೀತು? ಮೂರು ಕೂಡ ದೊರೆಯದು. ಅಲ್ಲಿಯ ಗೇಣಿದಾರನ ಹೆಸರು ಕಾಗದದಲ್ಲಿಯಾದರೂ ಇತ್ತು. ನಮ್ಮಲ್ಲಿ ಅದೂ ಇಲ್ಲ.

ನಾನು ವಕೀಲನು, ಕಾಗದವನ್ನು ಓದುವದೇ ನನ್ನ ಕಸಬು. ಆದಕಾರಣ ಈ ಕಾಗದದ ಮಾತನ್ನು ಬಿಡಿಸಿ ಹೇಳುವೆನು. ಉಳುವವನಿಗೇ ಭೂಮಿಯೆಂಬ ಉದಾತ್ತ ತತ್ವದಿಂದ ಕರ್ನಾಟಕದಲ್ಲಿ ೧೯೭೪ರ ಮಾರ್ಚ ೧ರಿಂದ ಗೇಣಿ ಪದ್ಧತಿಯನ್ನು ರದ್ದುಮಾಡಿದರು. ಅದರಿಂದ ಲಕ್ಷಾವಧಿ ಗೇಣಿದಾರರು ಒಡೆಯರಾದರು. ಅದು ನಮ್ಮ ನಾಡಿನ ಕೀರ್ತಿ. ಆದರೆ ಅನಂತರ ಹೊಸದಾಗಿ ಲಾವಣಿಗೆ ಹಿಡಿದವನು ಕಾಯಿದೆಯ ಕಣ್ಣಿಗೆ ಇಲ್ಲವೇ ಇಲ್ಲ. ಊರಿನಲ್ಲಿ ಲಾವಣಿ ನಡೆಯುತ್ತದೆ, ಕೋರುಪಾಲು ನಡೆಯುತ್ತದೆ; ಎಲ್ಲವೂ ಬಾಯಿಮಾತು. ಉತಾರದಲ್ಲಿ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಇರುವ ಒಡೆಯನ ಹೆಸರು. ಹೊಲದಲ್ಲಿ ಇನ್ನೊಬ್ಬನ ಬೆವರು. ಬರ ಪರಿಹಾರವು ಉತಾರದ ಹೆಸರಿಗೆ. ೨೦೧೯ರಲ್ಲಿ ಆರಂಭವಾದ ವರುಷಕ್ಕೆ ೬,೦೦೦ ರೂಪಾಯಿಗಳ ಕಿಸಾನ ಸಮ್ಮಾನವೂ ಭೂಮಿಯಿದ್ದ ಕುಟುಂಬಕ್ಕೆ. ಪೀಕು ಹಾಳಾದದ್ದು ಒಬ್ಬನದು, ಹಣ ಬಂದದ್ದು ಇನ್ನೊಬ್ಬನಿಗೆ. ತಂಬಾಕು ಬಿಟ್ಟವನಿಗೆ ನಾಳೆ ದೊಡ್ಡ ಮೊತ್ತದ ಪರಿಹಾರವು ಬಂದರೂ ಅದು ಈ ಕಾಲುವೆಯಲ್ಲಿಯೇ ಹರಿದು ಬೇರೊಬ್ಬರ ಹೊಲವನ್ನು ತೋಯಿಸುವದು. ಅಮೀನಗಡದ ಲಾವಣಿದಾರನೂ ನಿಪ್ಪಾಣಿಯ ಲಾವಣಿದಾರನೂ ಈ ವಿಷಯದಲ್ಲಿ ಒಡಹುಟ್ಟಿದವರು.

ಲಾವಣಿದಾರನಿಗಿಂತಲೂ ಕೆಳಗೆ ಇನ್ನೊಂದು ಸಾಲಿದೆ. ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕಿನ ಧೂಳಿನ ನಡುವೆ ಕುಳಿತು ಜರಡಿ ಹಿಡಿಯುವ ಹೆಣ್ಣುಮಕ್ಕಳು. ಮನೆಯ ಜಗಲಿಯ ಮೇಲೆ ಬೀಡಿ ಸುತ್ತುವ ತಾಯಂದಿರು. ಬ್ಯಾರನ್ನಿನ ಒಲೆಯ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕಾವು ನೋಡುವ ಕೂಲಿಗಳು. ಬೀಡಿ ಕಾರ್ಮಿಕರಿಗಾಗಿ ೧೯೬೬ರಲ್ಲಿ ಕಾಯಿದೆಯಾಯಿತು. ೧೯೭೬ರಲ್ಲಿ ಕ್ಷೇಮನಿಧಿಯ ಕಾಯಿದೆಯಾಗಿ, ಬೀಡಿಯ ಮೇಲಿನ ಒಂದು ಉಪಕರವು ಅವರ ಔಷಧೋಪಚಾರಕ್ಕೂ ಮಕ್ಕಳ ಓದಿಗೂ ಮೀಸಲಾಯಿತು. ೨೦೧೭ರಲ್ಲಿ ಸರಕು ಮತ್ತು ಸೇವೆಗಳ ತೆರಿಗೆಯು ಬಂದಾಗ ಆ ಉಪಕರವು ರದ್ದಾಯಿತು. ತೆರಿಗೆಯ ಸುಧಾರಣೆಯ ಗದ್ದಲದಲ್ಲಿ ಬಡವಿಯ ಹೆಸರಿನ ಗಂಟು ಬಿಚ್ಚಿಹೋದುದು ಎಷ್ಟು ಜನರ ಕಿವಿಗೆ ಬಿದ್ದಿತು? ತಂಬಾಕು ನಿಲ್ಲುವ ದಿನ ಮೊದಲು ಉಪವಾಸ ಬೀಳುವವರು ಇವರು. ಉತಾರದಲ್ಲಿ ಇವರ ಹೆಸರಿಲ್ಲ. ಪರವಾನಗಿಯಲ್ಲಿ ಇವರ ಹೆಸರಿಲ್ಲ. ಇವರನ್ನು ಮರೆತ ಸಹಾಯಧನವು ಅರ್ಧ ನ್ಯಾಯವೂ ಅಲ್ಲ.

ಬಂಧುಗಳೇ, ಕೂಡಲಸಂಗಮವು ಈ ಹುನಗುಂದ ತಾಲೂಕಿನ ನೆಲದಲ್ಲಿಯೇ ಇದೆ. ಕಾಯಕವಿಲ್ಲದ ಅನ್ನವು ಸಲ್ಲದೆಂದು ಕಲಿಸಿದ ಶರಣರು ಭಿಕ್ಷೆಯನ್ನು ಹೊಗಳಲಿಲ್ಲ, ದಾಸೋಹವನ್ನು ಹೊಗಳಿದರು. ಭಿಕ್ಷೆಯಲ್ಲಿ ಕೊಡುವವನು ಮೇಲೆ, ಬೇಡುವವನು ಕೆಳಗೆ. ದಾಸೋಹದಲ್ಲಿ ಸಮಾಜದ ಸೊತ್ತು ಸಮಾಜಕ್ಕೆ ಹಿಂದಿರುಗುವದು. ಅಲ್ಲಿ ಕೈ ನಡುಗಿಸಿ ಬೇಡಬೇಕಾದುದಿಲ್ಲ. ಸರಕಾರದ ಸಹಾಯಧನವನ್ನು ಈ ಎರಡನೆಯ ಭಾವದಿಂದ ಕೇಳುವದನ್ನು ನಾವು ಕಲಿಯಬೇಕು. ಚುನಾವಣೆಯ ಮುಂದೆ ಚೆಲ್ಲುವ ಕಾಸು ಭಿಕ್ಷೆ. ಕಾಯಿದೆಯ ಬಲದಿಂದ, ಗೊತ್ತಾದ ದಿನಕ್ಕೆ, ಗೊತ್ತಾದ ಲೆಕ್ಕದಿಂದ, ದುಡಿದವನ ಹೆಸರಿಗೆ ಬರುವ ಹಣವು ಹಕ್ಕು.

ಹಕ್ಕನ್ನು ಕೇಳಲು ಒಕ್ಕಟ್ಟು ಬೇಕು. ಇಲ್ಲಿಂದ ಕೆಲವೇ ಹರದಾರಿಗಳ ಐಹೊಳೆಯನ್ನು ನೋಡಿರಿ. ಅಲ್ಲಿಯ ಗುಡಿಗಳನ್ನು ಕಾಣಲು ದೇಶವಿದೇಶದವರು ಬರುವರು. ಆದರೆ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘವು ಈ ಊರಿನ ಹೆಸರನ್ನು ಹೊತ್ತು, ತೆಂಕಣ ಹಿಂದುಸ್ಥಾನದಲ್ಲೆಲ್ಲ, ಕಡಲಾಚೆಯ ಸುಮಾತ್ರದ ವರೆಗೂ ವ್ಯಾಪಾರ ಮಾಡಿತೆಂಬುದನ್ನು ನಾವು ಮರೆತಿದ್ದೇವೆ. ವರ್ತಕರು ಸಾವಿರ ವರುಷಗಳ ಹಿಂದೆಯೇ ಸಂಘದ ಬಲವನ್ನು ಅರಿತರು. ಒಕ್ಕಲಿಗರು ಇನ್ನೂ ಒಬ್ಬೊಬ್ಬರಾಗಿ ಪೇಟೆಗೆ ಹೋಗಿ, ಒಬ್ಬೊಬ್ಬರಾಗಿಯೇ ಸೋತು ಮನೆಗೆ ಬರುತ್ತಿದ್ದಾರೆ. ನಿಪ್ಪಾಣಿಯವರು ರಸ್ತೆಯ ಮೇಲೆ ಕುಳಿತಾಗ ಹುಣಸೂರಿನ ಎಷ್ಟು ಊರುಗಳಿಗೆ ಅದು ತಮ್ಮ ಜಗಳವೆನಿಸಿತು? ಹುನಗುಂದದ ಎಷ್ಟು ಊರುಗಳಿಗೆ? ೧೯೫೬ರಲ್ಲಿ ನಕಾಶೆಯು ಒಂದಾಯಿತು; ಒಕ್ಕಲಿಗನ ದುಃಖವು ಇನ್ನೂ ಜಿಲ್ಲೆ ಜಿಲ್ಲೆಗೆ ಬೇರೆಯಾಗಿಯೇ ಉಳಿದಿದೆ. ಏಕೀಕರಣದ ಉಳಿದ ಕೆಲಸವೆಂದರೆ ಇದು.

ಆದುದರಿಂದ ಈ ಸಭೆಯ ಮುಂದೆ ನಾನು ಇಡುವ ಬೇಡಿಕೆಗಳು ಐದು. ಮೊದಲನೆಯದು, ತಂಬಾಕು ಬಿಡುವ ಒಕ್ಕಲಿಗನಿಗೆ ಗೂಡಿನ ಸಾಲದ ತೀರುವಳಿಯನ್ನೂ, ಹೊಸ ಪೀಕು ಕೈಗೆ ಹತ್ತುವ ವರೆಗಿನ ನಿರ್ವಾಹದ ಹಣವನ್ನೂ ಕಾಯಿದೆಯ ಮೂಲಕವೇ ನಿಶ್ಚಯಿಸಬೇಕು. ಅದರ ಭಾರವನ್ನು ತಂಬಾಕಿನ ಕಂಪನಿಗಳು ಹೊರಬೇಕು. ಎರಡನೆಯದು, ಬೀಡಿ ತಂಬಾಕಿನವನಿಗೂ ಸಿಗರೇಟಿನ ಎಲೆಯವನಿಗೂ ಒಂದೇ ನ್ಯಾಯ; ಬಿಡುವ ವರೆಗಾದರೂ ನಿಪ್ಪಾಣಿಯ ಎಲೆಗೆ ನಿಂತ ತೂಕ, ನಿಂತ ಬೆಲೆ, ಗೊತ್ತಾದ ದಿನಕ್ಕೆ ಹಣ. ಮೂರನೆಯದು, ಲಾವಣಿದಾರನ ಹೆಸರನ್ನು ಭೂಮಿಯ ಒಡೆತನಕ್ಕೆ ಧಕ್ಕೆ ಬಾರದಂತೆ ಪೀಕಿನ ದಾಖಲೆಯಲ್ಲಿ ಬರೆದು, ಪೀಕಿನ ಪರಿಹಾರವನ್ನು ಅವನಿಗೇ ಕೊಡಬೇಕು. ಕೂಲಿಯ ಹೆಣ್ಣುಮಕ್ಕಳಿಗೆ ಪ್ರತ್ಯೇಕವಾದ ಪಾಲನ್ನು ಎತ್ತಿಡಬೇಕು. ನಾಲ್ಕನೆಯದು, ಬದಲಿ ಪೀಕಿನ ಬೀಜವನ್ನು ಕೊಡುವ ಮುಂಚೆ ಅದನ್ನು ಕೊಳ್ಳುವ ಏರ್ಪಾಡನ್ನು ಮಾಡಬೇಕು. ವಿಜಯಪುರ, ರಾಯಚೂರು, ಹಗರಿಗಳ ಒಣಬೇಸಾಯದ ವಿದ್ಯೆಯನ್ನೂ, ೨೦೦೮ರಲ್ಲಿ ಬಾಗಲಕೋಟೆಗೆ ಬಂದ ತೋಟಗಾರಿಕೆಯ ವಿಶ್ವವಿದ್ಯಾಲಯವನ್ನೂ ಈ ಕೆಲಸಕ್ಕೆ ಕೂಡಿಸಬೇಕು. ಐದನೆಯದು, ಅರ್ಜಿ, ನಿಯಮ, ಪಟ್ಟಿ, ತಿರಸ್ಕಾರದ ಕಾರಣ ಇವೆಲ್ಲವೂ ಕನ್ನಡದಲ್ಲಿ ಇರಬೇಕು. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

ಈ ಐದನೆಯ ಬೇಡಿಕೆಯನ್ನು ಯಾರೂ ಸಣ್ಣದೆಂದು ಎಣಿಸಬಾರದು. ತನಗೆ ತಿಳಿಯದ ಭಾಷೆಯ ಕಾಗದಕ್ಕೆ ಹೆಬ್ಬೆರಳು ಒತ್ತುವವನು ಹಕ್ಕುದಾರನಲ್ಲ, ಹಂಗಿನವನು. ಖೇಡಾದ ಒಕ್ಕಲಿಗರು ಕಾದಿದ್ದು ನಾಲ್ಕಾಣೆಯ ಒಂದು ಅಂಕಿಗಾಗಿ. ಬರೆದದ್ದನ್ನು ಓದಿ, ಇದು ಸುಳ್ಳು ಎಂದು ಹೇಳುವ ಧೈರ್ಯವು ಅವರಿಗೆ ಬಂದ ದಿನವೇ ಅಧಿಕಾರಿಯ ಲೆಕ್ಕಣಿಕೆಯು ತಡವರಿಸಿತು. ನಮ್ಮ ಊರುಗಳಲ್ಲಿ ಈ ಕೆಲಸವನ್ನು ನಾಳೆಯಿಂದಲೇ ಆರಂಭಿಸಲು ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ಪ್ರತಿಯೊಂದು ಹಳ್ಳಿಯಲ್ಲಿ ಓದುಬರಹ ಬಲ್ಲ ಇಬ್ಬರು ತರುಣರು ಮುಂದೆ ಬರಲಿ. ಈ ಹಂಗಾಮಿನಲ್ಲಿ ಯಾವ ಹೊಲವನ್ನು ಯಾರು ಉತ್ತರು, ಯಾರು ಬಿತ್ತಿದರು, ಪರಿಹಾರವು ಯಾರ ಹೆಸರಿಗೆ ಬಂದಿತು ಎಂಬುದನ್ನು ಒಂದು ವಹಿಯಲ್ಲಿ ಬರೆಯಲಿ. ಆ ವಹಿಯನ್ನು ಗ್ರಾಮಸಭೆಯ ಮುಂದೆ ಇಡಲಿ. ನಿಪ್ಪಾಣಿಗೂ ಹುಣಸೂರಿಗೂ ಅದರ ಪ್ರತಿಯು ಹೋಗಲಿ. ಅಲ್ಲಿಯ ವಹಿಗಳು ಇಲ್ಲಿಗೆ ಬರಲಿ. ಮೂರು ಸೀಮೆಗಳ ಮೂರು ವಹಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಕೇಳಿದಾಗ ಉತ್ತರ ಕೊಡದೆ ಎದ್ದುಹೋಗುವ ಧೈರ್ಯವು ಯಾವ ಮಂತ್ರಿಗೂ ಬಾರದು.

ಆ ವಹಿಯ ಮೊದಲನೆಯ ಹಾಳೆಯನ್ನು ಅಮೀನಗಡದವರೇ ಬರೆಯಬೇಕೆಂದು ಬೇಡಿಕೊಂಡು ನನ್ನ ಭಾಷಣವನ್ನು ಮುಗಿಸುತ್ತೇನೆ.